ಬೇಸ್ ಆಂಪ್‌ನಲ್ಲಿ ಗೇನ್ ಎಲ್ಲಿಗೆ ಇಡೋದು
ಬೇಸ್ ಗಿಟಾರ್ ನುಡಿಸೋರಿಗೆ ಒಂದು ಟಿಪ್: ಗಿಟಾರ್ ವಾಲ್ಯೂಮ್ ಫುಲ್ ಇಡಿ, ಆಂಪ್‌ನ ಮಾಸ್ಟರ್ (ಒಟ್ಟು ಸೌಂಡ್‌ನ ನಾಬ್) ಪೂರ್ತಿ ಇಳ್ಸಿ, ಆಮೇಲೆ ಸ್ಟೇಜಲ್ಲಿ ಎಷ್ಟು ಜೋರಾಗಿ ಹೊಡೀತೀರೋ ಅಷ್ಟೇ ಜೋರಾಗಿ ದಪ್ಪ ತಂತಿ ಹೊಡೀತಾ ಗೇನ್ (ಒಳಗೆ ಬರೋ ಸಿಗ್ನಲ್‌ನ ಎಷ್ಟು ಏರಿಸ್ಬೇಕು ಅನ್ನೋ ನಾಬ್) ನಿಧಾನಕ್ಕೆ ಏರಿಸಿ, ಕ್ಲಿಪ್ ಲೈಟ್ (ಸಿಗ್ನಲ್ ಜಾಸ್ತಿ ಆಯ್ತು ಅಂತ ತೋರ್ಸೋ ದೀಪ) ಮಿಣುಕ್ ಅಂದ ತಕ್ಷಣ ಒಂಚೂರು ಹಿಂದಕ್ಕೆ ತಿರುಗಿಸಿ ಅಲ್ಲೇ ಬಿಟ್ಬಿಡಿ, ಇನ್ನು ಸೌಂಡ್ ಜಾಸ್ತಿ ಕಮ್ಮಿ ಎಲ್ಲಾ ಮಾಸ್ಟರಲ್ಲೇ. ಪ್ರೀಆಂಪ್‌ಗೆ (ಆಂಪ್‌ನ ಮೊದಲ ಹಂತಕ್ಕೆ) ಸಿಗ್ನಲ್ ಕಮ್ಮಿ ಹೋದ್ರೆ ಮಾಸ್ಟರ್ ಏರಿಸಿದಾಗ ಅದರ ಹಿಸ್ ಸದ್ದೂ ಜೊತೆಗೇ ಏರತ್ತೆ, ಜಾಸ್ತಿ ಹೋದ್ರೆ ಸೌಂಡ್ ಅಲ್ಲೇ ಒಡೆದು ಆಮೇಲೆ ಮಾಸ್ಟರ್ ಎಷ್ಟು ಇಳ್ಸಿದ್ರೂ ಸರಿಹೋಗಲ್ಲ. ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಬಡಿದು ನುಡಿಸೋದು) ಮಾಡೋರು ಸ್ಲ್ಯಾಪ್ ಹೊಡೆದೇ ಚೆಕ್ ಮಾಡಿ, ಬೆರಳಲ್ಲಿ ಮೆತ್ತಗೆ ಮೀಟಿ ಸೆಟ್ ಮಾಡಿದ್ರೆ ಪ್ರಯೋಜನ ಇಲ್ಲ. ಈಕ್ಯೂನಲ್ಲಿ (ಟೋನ್ ನಾಬ್‌ಗಳಲ್ಲಿ) ಲೋ ಏರಿಸಿದ್ರೆ ಇನ್ನೊಂದ್ಸಲ ನೋಡ್ಕೊಳ್ಳಿ. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿ ಸರ್ಕ್ಯೂಟ್ ಇರೋದು) ಆದ್ರೆ ಗೇನ್ ಅರ್ಧಕ್ಕೂ ಹೋಗೋ ಮುಂಚೆನೇ ಲೈಟ್ ಹತ್ತಬಹುದು, ಆಗ ಆಂಪ್‌ನಲ್ಲಿರೋ ಪ್ಯಾಡ್ ಬಟನ್ (ಸಿಗ್ನಲ್ ತಗ್ಗಿಸೋದು) ಒತ್ತಿ, ಇಲ್ಲಾಂದ್ರೆ ಆಕ್ಟಿವ್ ಇನ್‌ಪುಟ್‌ಗೆ ಹಾಕಿ. ಲೈಟೇ ಹತ್ತದೆ ಸೌಂಡ್ ಒಡೀತಿದ್ರೆ ಮಾತ್ರ ಈ ಟ್ರಿಕ್ ನಡೆಯಲ್ಲ, ಆಕ್ಟಿವ್ ಬೇಸಲ್ಲಿ ಸಾಮಾನ್ಯವಾಗಿ ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಿರತ್ತೆ, ಮೊದ್ಲು ಅದನ್ನ ಬದಲಾಯಿಸಿ. ಬೇಕಂತಲೇ ಡ್ರೈವ್ (ಒಡೆದ) ಸೌಂಡ್ ಇಷ್ಟಪಡೋರು ಲೈಟ್ ಕಡೆ ನೋಡ್ಲೇಬೇಡಿ 😄