ಲೀಪ್ ಆದ ಮೇಲೆ ನಾನು ಏನು ಮಾಡಿದೆ

ಸೀರಿಯಲ್‌ನಲ್ಲಿ ಮಕ್ಕಳ ಪಾತ್ರಕ್ಕೆ ಆಯಸ್ಸು ಕಮ್ಮಿ. ಕಥೆ ಒಂದು ದಿನ ಹತ್ತಾರು ವರ್ಷ ಮುಂದಕ್ಕೆ ಹೋಗುತ್ತದೆ. ಸೆಟ್‌ನಲ್ಲಿ ಅದಕ್ಕೆ ಲೀಪ್ ಅಂತಾರೆ. ಹೆಸರು ಅದೇ, ಹುಡುಗಿ ಬೇರೆ. ‘ಪುಟ್ಟಗೌರಿ ಮದುವೆ’ ನೋಡಿದವರಿಗೆ ಇದು ಗೊತ್ತು. ಪುಟ್ಟ ಗೌರಿಯಾಗಿ ಸಾನ್ಯಾ ಅಯ್ಯರ್ ಮನೆಮಾತಾಗಿದ್ದರು, ದೊಡ್ಡ ಗೌರಿಯಾಗಿ ರಂಜನಿ ರಾಘವನ್ ಬಂದರು. ಸಾನ್ಯಾ 2022ರಲ್ಲಿ ಬಿಗ್ ಬಾಸ್‌ಗೆ ಹೋದರು, 2024ರಲ್ಲಿ ಸಿನಿಮಾ ನಾಯಕಿಯಾದರು. ನಾನೂ ಸೀರಿಯಲ್‌ನಲ್ಲಿ ಬಾಲನಟಿಯಾಗಿದ್ದವಳು, ಆದರೆ ನಾನು ಹಿಡಿದ ದಾರಿ ಬೇರೆ.

ನಾನು ಚಿಕ್ಕವಳಿದ್ದಾಗ ಕಲಿತಿದ್ದು ಪ್ರಾಂಪ್ಟಿಂಗ್ ಕೇಳಿ ಡೈಲಾಗ್ ಹೇಳುವುದನ್ನು. ಕ್ಯಾಮೆರಾ ಪಕ್ಕದಿಂದ ಅಸಿಸ್ಟೆಂಟ್ ಡೈರೆಕ್ಟರ್ ಒಂದೊಂದೇ ಸಾಲು ಓದುತ್ತಾರೆ, ಮಗು ಅದನ್ನು ಆ ಕ್ಷಣಕ್ಕೆ ಹೇಳಬೇಕು. ಅಳಬೇಕಾದರೆ ಗ್ಲಿಸರಿನ್. ಹೇಗೆ ನೋಡಬೇಕು, ಎಲ್ಲಿ ತಿರುಗಬೇಕು ಅಂತ ಡೈರೆಕ್ಟರ್ ಮಾಡಿ ತೋರಿಸುತ್ತಾರೆ. ದಿನವೂ ಎಪಿಸೋಡ್ ಹೋಗಬೇಕು, ಹಾಗಾಗಿ ಕೂತು ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ನನ್ನ ಪಾತ್ರ ಮುಗಿದಾಗ ನಾನು ಮಗುವಿನ ಪಾತ್ರಕ್ಕೆ ದೊಡ್ಡವಳು, ನಾಯಕಿಯ ಪಾತ್ರಕ್ಕೆ ಚಿಕ್ಕವಳು. ಆಡಿಷನ್‌ಗೆ ಅಲೆಯುವುದು ಬೇಡ ಅಂತ ಅಮ್ಮ ಗಟ್ಟಿಯಾಗಿ ಹೇಳಿದರು. ಓದು ಮುಗಿಸಿದೆ. ಆ ತೀರ್ಮಾನ ಸರಿ ಅಂತ ಇವತ್ತಿಗೂ ನಂಬುತ್ತೇನೆ.

ಕಾಲೇಜಿನಲ್ಲಿದ್ದಾಗ ಹವ್ಯಾಸಿ ನಾಟಕ ತಂಡ ಸೇರಿದೆ. ಅಲ್ಲಿ ಸಾಲು ಹೇಳಿಕೊಡುವವರಿಲ್ಲ. ಇಡೀ ನಾಟಕ ಬಾಯಿಪಾಠ ಆಗಬೇಕು. ಈ ಹೆಂಗಸು ಈ ಮಾತು ಈಗ ಯಾಕೆ ಆಡುತ್ತಾಳೆ? ಆ ಪ್ರಶ್ನೆ ನನ್ನನ್ನು ಮೊದಲ ಸಲ ಕೇಳಿದ್ದು ಅಲ್ಲೇ. ಆ ತಾಲೀಮು ನನ್ನನ್ನು ನಟಿ ಮಾಡಿತು.

2020ರಲ್ಲಿ ಲಾಕ್‌ಡೌನ್‌ನಿಂದ ಶೂಟಿಂಗ್ ನಿಂತಾಗ ಹಿಂದಿಯ ‘ಮಹಾಭಾರತ’ ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲಿ ಬಂತು. ಜನ ಕೂತು ನೋಡಿದರು. ಆಮೇಲೆ ಡಬ್ಬಿಂಗ್ ಕೆಲಸ ಜಾಸ್ತಿಯಾಯಿತು, ನನಗೂ ಕರೆ ಬಂತು. ಮಕ್ಕಳ ದನಿಯನ್ನು ಎಷ್ಟೋ ಸಲ ಹೆಂಗಸರೇ ಕೊಡುತ್ತಾರೆ, ಅಲ್ವಾ? ಹೆಡ್‌ಫೋನ್‌ನಲ್ಲಿ ಮೂಲದ ಮಾತು ಕೇಳಿ, ತುಟಿಯ ಚಲನೆಗೆ ಕನ್ನಡ ಕೂರಿಸಬೇಕು. ಪ್ರಾಂಪ್ಟಿಂಗ್‌ನಲ್ಲಿ ಪಳಗಿದ ಕಿವಿ ಇಲ್ಲಿ ಪೂರ್ತಿ ಉಪಯೋಗಕ್ಕೆ ಬಂತು. ನಾಟಕದಲ್ಲಿ ಕಲಿತಿದ್ದು ದನಿಗೆ ಜೀವ ಕೊಟ್ಟಿತು. ಈಗ ಇದೇ ನನ್ನ ಕೆಲಸ, ತುಂಬ ಇಷ್ಟದ ಕೆಲಸ.

ಮಗಳನ್ನು ಸೀರಿಯಲ್‌ಗೆ ಸೇರಿಸಬೇಕು ಅಂತಿರುವ ಅಮ್ಮಂದಿರು ನನ್ನ ಹತ್ತಿರ ಬರುತ್ತಾರೆ. ಅವರಿಗೆ ಮೊದಲು ಬಾಲಕಾರ್ಮಿಕ ಕಾಯ್ದೆಯಡಿ ಬಂದ 2017ರ ನಿಯಮಗಳನ್ನು ಹೇಳುತ್ತೇನೆ. 14 ವರ್ಷದೊಳಗಿನ ಮಗುವಿಗೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಕೊಡುವಂತಿಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದುಡಿದ ಹಣದಲ್ಲಿ ಕನಿಷ್ಠ ಶೇ. 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಆಗಬೇಕು. ನನ್ನ ಕಾಲದಲ್ಲಿ ಇದ್ಯಾವುದೂ ಇರಲಿಲ್ಲ. ಸಂಕೋಚ ಬೇಡ, ಆ ಎಫ್‌ಡಿ ರಸೀದಿಯನ್ನು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಕೇಳಿ ಪಡೆಯಿರಿ.