ಟಕೀಲಾ ಸನ್‌ರೈಸ್: ಕೆಂಪು ತಳದಲ್ಲೇ ನಿಲ್ಲಬೇಕಾದರೆ

ತಳದಲ್ಲಿ ಕೆಂಪು, ಮೇಲೆ ಹಳದಿಯಾಗಿ ಸೂರ್ಯೋದಯದಂತೆ ಕಾಣುವ ಕಾಕ್‌ಟೇಲ್ ಟಕೀಲಾ ಸನ್‌ರೈಸ್. ಅದಕ್ಕೆ ಬೇಕಾದದ್ದು ಮೂರೇ ಸಾಮಾನು: ಟಕೀಲಾ 45 ಮಿಲಿ, ಕಿತ್ತಳೆ ರಸ 90 ಮಿಲಿ, ದಾಳಿಂಬೆಯ ಗ್ರೆನಡೀನ್ ಸಿರಪ್ 15 ಮಿಲಿ. ಶೇಕರ್ ಬೇಡ. ಆದರೂ ಮನೆಯಲ್ಲಿ ಮಾಡಿದಾಗ ಬಹಳ ಸಲ ಗ್ಲಾಸಿನ ತುಂಬ ಒಂದೇ ಗುಲಾಬಿ ಬಣ್ಣ ಕಲಸಿಕೊಂಡು ಕೂರುತ್ತದೆ. ಕೈ ನಡುಗಿತೆಂದು ಬೇಜಾರಾಗಬೇಡಿ, ಹೆಚ್ಚಿನ ಪಾಲು ತಪ್ಪು ಸಿರಪ್ಪಿನದು. ಸಕ್ಕರೆ ಹೆಚ್ಚಿದ್ದದ್ದು ಕೆಳಗಿಳಿಯುತ್ತದೆ, ಆಲ್ಕೋಹಾಲ್ ಬೆರೆತದ್ದು ಹಗುರಾಗಿ ಮೇಲೆ ನಿಲ್ಲುತ್ತದೆ. ಸಿರಪ್ ನೀರಾಗಿದ್ದರೆ ಅರ್ಧ ದಾರಿಯಲ್ಲೇ ಕರಗಿಹೋಗುತ್ತದೆ.

ಗ್ರೆನಡೀನ್ ಎಂದು ಬಾಟಲಿಯಲ್ಲಿ ಸಿಗುವ ಎಷ್ಟೋ ಸರಕಿನಲ್ಲಿ ದಾಳಿಂಬೆಯೇ ಇರುವುದಿಲ್ಲ, ಬರೀ ಸಕ್ಕರೆ ಮತ್ತು ಕೆಂಪು ಬಣ್ಣ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ತಳ್ಳುಗಾಡಿಯಲ್ಲೇ ದಾಳಿಂಬೆ ಸಿಗುವಾಗ ಅದಕ್ಕೆ ದುಡ್ಡು ಸುರಿಯುವುದೇಕೆ? ಕಾಳಿನೊಳಗೆ ಕಡುಗೆಂಪಿರುವ ಭಗವಾ ತಳಿ ಆರಿಸಿ. ಬಿಳಿಗಾಳಿನ ಹಣ್ಣಿನಿಂದ ಈ ಬಣ್ಣ ಬರದು. ಮೂರು ಮಧ್ಯಮ ಗಾತ್ರದ ಹಣ್ಣು ಸಾಕು. ಬಿಳಿ ಪೊರೆ ಒಂದು ಚೂರೂ ಉಳಿಯದಂತೆ ಕಾಳು ಬಿಡಿಸಿ, ಮಿಕ್ಸರಿನಲ್ಲಿ ಎರಡೇ ಸಲ ‘ಗುರ್ರ್’ ಎನಿಸಿ ಬಟ್ಟೆಯಲ್ಲಿ ಸೋಸಿ. ನುಣ್ಣಗೆ ರುಬ್ಬಿದರೆ ಬೀಜ ಒಡೆದು ಒಗರಾಗುತ್ತದೆ. 200 ಮಿಲಿ ರಸಕ್ಕೆ 250 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ: ಕೆಂಪು ಕಂದಾಗುತ್ತದೆ, ತಾಜಾ ರುಚಿಯೂ ಹೋಗುತ್ತದೆ. ಇಳಿಸಿದ ಮೇಲೆ ಒಂದು ಚಮಚ ನಿಂಬೆರಸ ಹಿಂಡಿ, ಆ ಹುಳಿಗೆ ಬಣ್ಣ ಕಣ್ಣೆದುರಲ್ಲೇ ಚುರುಕಾಗುತ್ತದೆ. ತಣಿದ ಮೇಲೆ ಶುಭ್ರ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಅಡ್ಡಿಯಿಲ್ಲ. ಪರೀಕ್ಷೆ ಸುಲಭ: ತಣ್ಣೀರಿನ ಲೋಟಕ್ಕೆ ಒಂದು ಚಮಚ ಬಿಡಿ. ನೇರ ತಳಕ್ಕೆ ಹೋಗಿ ಕೂತರೆ ಸರಿ, ನಡುವೆಯೇ ಹೊಗೆಯಂತೆ ಹರಡಿದರೆ ಇನ್ನಷ್ಟು ಸಕ್ಕರೆ ಬೇಕು.

ಕಿತ್ತಳೆ ನಾಗಪುರದ್ದು ಸಿಕ್ಕರೆ ಒಳ್ಳೆಯದು. ಮೋಸಂಬಿ ರಸ ಪೇಲವ, ಅದರಲ್ಲಿ ಸೂರ್ಯ ಹುಟ್ಟುವುದಿಲ್ಲ. ಎರಡರ ರಸವೂ ಹಿಂಡಿಟ್ಟ ಸ್ವಲ್ಪ ಹೊತ್ತಿಗೆ ಕಹಿಯಾಗತೊಡಗುತ್ತದೆ, ಹಾಗಾಗಿ ಅತಿಥಿಗಳು ಬಂದು ಕೂತ ಮೇಲೆಯೇ ಹಿಂಡಿ, ತಿರುಳು ಉಳಿಯದಂತೆ ಸೋಸಿ. ತಿರುಳಿದ್ದರೆ ಸಿರಪ್ ಅದಕ್ಕಂಟಿ ಗೆರೆ ಮಸುಕಾಗುತ್ತದೆ. ಹಣ್ಣು ಬರೀ ಸಿಹಿಯಿದ್ದರೆ 5 ಮಿಲಿ ನಿಂಬೆರಸ ಸೇರಿಸಿ.

ಟಕೀಲಾ ಬ್ಲಾಂಕೊ, ಅಂದರೆ ಪೀಪಾಯಿಯಲ್ಲಿ ಹಳತಾಗಿಸದ ತಿಳಿ ಬಗೆಯದು, ಇರಲಿ, ಬಾಟಲಿಯ ಮೇಲೆ 100% ಅಗಾವೆ ಎಂದಿರಲಿ. ಟಕೀಲಾ ತಯಾರಾಗುವುದೇ ಅಗಾವೆಯಿಂದ; ನಮ್ಮ ಹೊಲದ ಬದುವಿನ ಕತ್ತಾಳೆಯ ಬಳಗದ್ದೇ ಗಿಡ ಅದು, ಆದರೆ ಬೆಳೆಯುವುದು ಮೆಕ್ಸಿಕೊದಲ್ಲಿ. ಆ ಬರಹ ಇಲ್ಲದ ಟಕೀಲಾದಲ್ಲಿ ಅಗಾವೆಯ ಸಕ್ಕರೆ 51% ಇದ್ದರೂ ಸಾಕು, ಉಳಿದದ್ದು ಬೇರೆ ಸಕ್ಕರೆ.

ಇನ್ನು ಐಸ್. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಟ್ರೇಯ ಪುಟ್ಟ ತುಂಡುಗಳು ಕುಡಿದು ಮುಗಿಸುವ ಮೊದಲೇ ನೀರಾಗುತ್ತವೆ. ಫಿಲ್ಟರ್ ನೀರನ್ನು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ ದೊಡ್ಡ ತುಂಡು ಒಡೆದುಕೊಳ್ಳಿ; ಬೋರ್ ನೀರಿನ ಸಪ್ಪೆ-ಸವಳು ರುಚಿ ಐಸಿನಲ್ಲೂ ಬಿಡುವುದಿಲ್ಲ. ಟಕೀಲಾ ಬಾಟಲಿಯನ್ನೂ ಗ್ಲಾಸನ್ನೂ ಮೊದಲೇ ಫ್ರೀಜರ್‌ಗೆ ಹಾಕಿ. ಮನೆಯ ಫ್ರೀಜರ್‌ನಲ್ಲಿ ಟಕೀಲಾ ಗಟ್ಟಿಯಾಗುವುದಿಲ್ಲ.

300 ಮಿಲಿಯ ಉದ್ದ ಗ್ಲಾಸಿಗೆ ಮುಕ್ಕಾಲು ಐಸ್ ತುಂಬಿ. ಟಕೀಲಾ, ಮೇಲೆ ಕಿತ್ತಳೆ ರಸ. ಕಲಕುವುದಿದ್ದರೆ ಈಗಲೇ ಕಲಕಿ, ಇನ್ನು ಮುಂದೆ ಚಮಚ ಮುಟ್ಟುವಂತಿಲ್ಲ. ಗ್ಲಾಸನ್ನು ತುಸು ಓರೆ ಮಾಡಿ, ಒಳಗೋಡೆಗೆ ತಾಗುವಂತೆ ಗ್ರೆನಡೀನನ್ನು ಎಳೆಯಾಗಿ ಬಿಡಿ. ಅದು ಐಸಿನ ಸಂದಿನಲ್ಲಿ ಜಾರಿ ತಳ ಸೇರಿ, ಅರ್ಧ ನಿಮಿಷದಲ್ಲಿ ಕೆಂಪಿನಿಂದ ಹಳದಿಗೆ ಬಣ್ಣ ಏರುತ್ತದೆ. ಎತ್ತರದಿಂದ ಐಸಿನ ತಲೆ ಮೇಲೆ ಸುರಿದರೆ ಚೆದುರುತ್ತದೆ. ಸ್ಟ್ರಾ ಬೇಕೆನ್ನುವವರಿಗೆ ಸಿರಪ್ಪಿಗೂ ಮೊದಲೇ ಇಟ್ಟುಬಿಡಿ.

ಟಕೀಲಾವನ್ನು ಕೊನೆಗೆ ತೇಲಿಸಿ ಮೂರು ಪದರ ಮಾಡುವವರಿದ್ದಾರೆ. ನೋಡಲು ಚೆಂದ, ಮೊದಲ ಗುಟುಕು ಮಾತ್ರ ಬರೀ ಮದ್ಯ. ಅದಕ್ಕೆ ನಮ್ಮ ಮತವಿಲ್ಲ. ರೋಸ್ ಸಿರಪ್ ಕೂಡ ಚೆನ್ನಾಗಿ ತಳ ಹಿಡಿಯುತ್ತದೆ, ಆದರೆ ಬೇರೇನೂ ಮೂಗಿಗೆ ಬರುವುದಿಲ್ಲ. ಇದೇ ಹೆಸರಿನ ಹಳೆಯ ಪೇಯದಲ್ಲಿ ಕಿತ್ತಳೆಯೇ ಇರಲಿಲ್ಲ, ಬ್ಲ್ಯಾಕ್‌ಕರಂಟ್ ಮದ್ಯ, ನಿಂಬೆ ಮತ್ತು ಸೋಡಾ ಇದ್ದವು. ಈಗಿನ ರೂಪ 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸಾಸಲಿಟೊದಲ್ಲಿ ಬಂತು.

ರಸದ ಸಿಹಿಯಲ್ಲಿ ಮದ್ಯದ ಖಾರ ಗೊತ್ತಾಗದೆ ಗ್ಲಾಸ್ ಬೇಗ ಖಾಲಿಯಾಗುತ್ತದೆ. ಜೊತೆಗೆ ಮಿರ್ಚಿ ಭಜಿಯೋ ಖಾರ ಶೇಂಗಾವೋ ಇರಲಿ, ಗಾಡಿ ಓಡಿಸುವವರಿಗೆ ಕೊಡಬೇಡಿ. ಅವರಿಗೂ 21 ತುಂಬದವರಿಗೂ ಟಕೀಲಾ ಬಿಟ್ಟು 45 ಮಿಲಿ ತಣ್ಣನೆ ಸೋಡಾ ಹಾಕಿ. ಸೋಡಾ ಹಾಕಿ ಗುಳ್ಳೆ ತಗ್ಗಿದ ಮೇಲಷ್ಟೇ ಸಿರಪ್ ಬಿಡಿ, ಇಲ್ಲವಾದರೆ ಗುಳ್ಳೆಗಳು ಕೆಂಪನ್ನು ಮೇಲಕ್ಕೆ ಎತ್ತಿಕೊಂಡು ಬರುತ್ತವೆ.