ಮೂರಡಿ ತೊಟ್ಟಿಯಲ್ಲಿ ಚೌಳು ನೀರಿನ ಮೀನು: ನನ್ನ ಅನುಭವ

ಚೌಳು ನೀರಿನ (ಸಪ್ಪೆ ನೀರಿಗೂ ಸಮುದ್ರದ ನೀರಿಗೂ ನಡುವಿನಷ್ಟು ಉಪ್ಪಿರುವ ನೀರಿನ) ಅಕ್ವೇರಿಯಂ ಇಡಬೇಕೆನ್ನುವವರು ಮೊದಲು ಕೇಳುವುದು ಉಪ್ಪು ಎಷ್ಟು ಹಾಕಬೇಕು ಅಂತ. ನಾನು ಅವರನ್ನು ತಿರುಗಿ ಕೇಳುವುದು, ತೊಟ್ಟಿ ಎಷ್ಟು ದೊಡ್ಡದು, ಅದರೊಳಗೆ ಬಿಡುವ ಮೀನು ಬೆಳೆದ ಮೇಲೆ ಎಷ್ಟುದ್ದ ಆಗುತ್ತದೆ ಅಂತ. ಮೀನು ಯಾವುದೆಂದು ಗಟ್ಟಿಯಾದರೆ ಉಪ್ಪಿನ ಲೆಕ್ಕ ತಾನಾಗಿಯೇ ಬರುತ್ತದೆ.

ನನ್ನೂರು ಕುಮಟಾ ಕಡೆ, ಅಘನಾಶಿನಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ಈಗ ಇರುವುದು ಬೆಂಗಳೂರಿನಲ್ಲಿ. ಅಳಿವೆಯ ಉಪ್ಪುನೀರು ನುಗ್ಗುವ ಊರಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲು ಮುಗಿದರೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಜುಲೈ ತಿಂಗಳ ನೆರೆಯಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಪ್ಪೆ. ಏಪ್ರಿಲ್ ಹೊತ್ತಿಗೆ ಬಾಯಲ್ಲಿಟ್ಟರೆ ಸಮುದ್ರದ ನೀರೇ. ಅಲ್ಲಿಯ ಮೀನು ಎರಡಕ್ಕೂ ಹೊಂದಿಕೊಳ್ಳುತ್ತದೆ. ಇದನ್ನು ಕೇಳಿಕೊಂಡೇ ಎಷ್ಟೋ ಅಂಗಡಿಗಳಲ್ಲಿ ಇಂಥ ಮೀನುಗಳನ್ನು ಸಪ್ಪೆ ನೀರಿನಲ್ಲಿಟ್ಟು ‘ಎಲ್ಲದಕ್ಕೂ ಒಗ್ಗುತ್ತವೆ’ ಎಂದು ಮಾರುತ್ತಾರೆ. ಒಂದಿಷ್ಟು ವಾರ ತಡೆದುಕೊಳ್ಳುವುದು ಬೇರೆ, ವರ್ಷಗಟ್ಟಲೆ ಆರೋಗ್ಯವಾಗಿರುವುದು ಬೇರೆ. ಹಸಿರು ಮೈಮೇಲೆ ಕಪ್ಪು ಚುಕ್ಕೆಯಿರುವ ಪಫರ್ ಮೀನಿನ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಸಪ್ಪೆ ನೀರಿನಲ್ಲಿ ಅದು ಬಣ್ಣಗೆಟ್ಟು, ಹೊಟ್ಟೆ ಕಪ್ಪಾಗಿ, ಮೂಲೆ ಹಿಡಿದು ಕೂರುವುದನ್ನು ಅಂಗಡಿಗಳಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ.

ನನ್ನ ತೊಟ್ಟಿ ಮೂರಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿ. ಮರಳು, ಕಲ್ಲು ಕಳೆದರೆ ಸುಮಾರು 160 ಲೀಟರ್ ನೀರು ಹಿಡಿಯುತ್ತದೆ. ಈ ಅಳತೆ ಇಟ್ಟುಕೊಂಡೇ ಪಟ್ಟಿಯಿಂದ ಒಂದೊಂದೇ ಹೆಸರು ಹೊಡೆದುಹಾಕಿದೆ. ಸ್ಕ್ಯಾಟ್ ಮೀನು ಮರಿಯಿದ್ದಾಗ ರೂಪಾಯಿ ನಾಣ್ಯದಷ್ಟು, ಬೆಳೆದರೆ ಒಂದಡಿ. ಬೆನ್ನಿನ ಮುಳ್ಳಿಗೆ ವಿಷ ಬೇರೆ. ಮೋನೋ ಮೀನು ಗುಂಪಿನಲ್ಲಿರಬೇಕು, ಬೆಳೆದಂತೆ ಸಮುದ್ರದ ನೀರನ್ನೇ ಬಯಸುತ್ತದೆ. ನೀರು ಚಿಮ್ಮಿಸಿ ಹುಳು ಬೀಳಿಸುವ ಆರ್ಚರ್ ಮೀನು ನನಗೆ ತುಂಬ ಇಷ್ಟ, ಆದರೆ ಅದಕ್ಕೆ ನೀರಿನ ಮೇಲೆ ತೆರೆದ ಜಾಗ ಬೇಕು, ಐದಾರಡಿ ತೊಟ್ಟಿ ಬೇಕು. ಪಫರ್ ಒಂಟಿಯಾಗಿಯೇ ಇರಬೇಕಾದ ಪ್ರಾಣಿ. ಜೊತೆಗಿರುವವರ ರೆಕ್ಕೆ ಕಚ್ಚುತ್ತದೆ, ಬೆಳೆಯುತ್ತಲೇ ಇರುವ ಹಲ್ಲು ಸವೆಯಲು ಅದಕ್ಕೆ ಶಂಖದ ಹುಳು ಕೊಡುತ್ತಲೇ ಇರಬೇಕು. ಕೇರಳ 2010ರಲ್ಲಿ ರಾಜ್ಯಮೀನು ಮಾಡಿಕೊಂಡ ಕರಿಮೀನು ನಮ್ಮ ಅಳಿವೆಗಳದ್ದೂ ಹೌದು. ಅದೂ ಮೂರಡಿಗೆ ದೊಡ್ಡದೇ.

ಕೊನೆಗೆ ಉಳಿದದ್ದು ಕರಿಮೀನಿನ ಸಣ್ಣ ಸಂಬಂಧಿ, ಆರೆಂಜ್ ಕ್ರೋಮೈಡ್. ಅಂಗೈಯೊಳಗೆ ಹಿಡಿಯುವ ಮೀನು, ಬೆಳೆದರೂ ಎಂಟು ಸೆಂಟಿಮೀಟರ್ ಆಸುಪಾಸು. ದಕ್ಷಿಣ ಭಾರತ, ಶ್ರೀಲಂಕಾದ ಹಿನ್ನೀರುಗಳೇ ಇದರ ಮನೆ. ಕರಿಮೀನು, ಕ್ರೋಮೈಡ್ ಎರಡೂ ಸಿಕ್ಲಿಡ್ ಎಂಬ ಮೀನಿನ ಕುಟುಂಬದವು. ಸಿಕ್ಲಿಡ್ ಎಂದರೆ ಆಫ್ರಿಕಾ, ಅಮೆರಿಕದ ಮೀನೆಂದೇ ಹೆಚ್ಚಿನವರ ಲೆಕ್ಕ. ನಮ್ಮ ನೆಲದ ಸಿಕ್ಲಿಡ್‌ಗಳು ಮೂರೇ: ಕರಿಮೀನು, ಈ ಕ್ರೋಮೈಡ್, ಇನ್ನೊಂದು ನಮ್ಮ ಕೆನರಾ ಜಿಲ್ಲೆಯ ಹೆಸರನ್ನೇ ಹೊತ್ತ ಕೆನರಾ ಕರಿಮೀನು. ಈ ಮೂರನೆಯದು ನೇತ್ರಾವತಿಯಂಥ ನದಿಗಳ ಸಿಹಿನೀರಿನದು. ಕರಾವಳಿಯ ಹೆಸರಿದೆಯೆಂದು ಅದನ್ನು ತಂದು ಉಪ್ಪುನೀರಿಗೆ ಬಿಡಬೇಡಿ.

ಕ್ರೋಮೈಡ್ ಮರಿ ಆರನ್ನು ತಂದೆ. ದೊಡ್ಡವಾದ ಮೇಲೆ ಜೋಡಿಯನ್ನು ಅವೇ ಆರಿಸಿಕೊಳ್ಳಲಿ ಎಂಬುದು ಲೆಕ್ಕ. ಅಂಗಡಿಯವರು ಗಂಡು ಹೆಣ್ಣು ಎಂದು ಎರಡನ್ನು ಹಿಡಿದು ಕೊಟ್ಟರೆ ನಂಬುವ ಹಾಗಿಲ್ಲ, ನೋಡಿ ಹೇಳುವುದು ಅಷ್ಟು ಕಷ್ಟ. ಮರಳಿನ ಮೇಲೆ ಕೂರಲು ನೈಟ್ ಗೋಬಿ ಮೂರು: ಬೆಳ್ಳಗಿನ ಮೈ, ಮೇಲೆ ಕಪ್ಪು ಚುಕ್ಕೆ, ಗಂಭೀರ ಮುಖ. ಮೇಲಿನ ನೀರಿಗೆ ಕಪ್ಪು ಮೋಲಿ. ಮೋಲಿ ಹೆತ್ತ ಮರಿಗಳಲ್ಲಿ ಹೆಚ್ಚಿನವು ಗೋಬಿಯ ಹೊಟ್ಟೆ ಸೇರುತ್ತವೆ, ಹಾಗಾಗಿ ಸಂಖ್ಯೆ ಮಿತಿಯಲ್ಲಿರುತ್ತದೆ. ಬಂಬಲ್‌ಬೀ ಗೋಬಿಯನ್ನೂ ಸಾಕುತ್ತೇನೆ, ಆದರೆ ಬೇರೆ ಸಣ್ಣ ತೊಟ್ಟಿಯಲ್ಲಿ. ಅದು ಒಣ ಆಹಾರ ಮುಟ್ಟುವುದೇ ಇಲ್ಲ ಎನ್ನಬಹುದು, ನಿಧಾನವಾಗಿ ತಿನ್ನುತ್ತದೆ. ಕ್ರೋಮೈಡ್ ಜೊತೆಗಿದ್ದರೆ ಅದರ ಪಾಲಿಗೆ ಏನೂ ಉಳಿಯುವುದಿಲ್ಲ.

ಕ್ರೋಮೈಡ್, ನೈಟ್ ಗೋಬಿ, ಮೋಲಿ ಮೂರಕ್ಕೂ ಒಪ್ಪುವ ನೀರೆಂದರೆ ಸಾಂದ್ರತೆ (ಸಪ್ಪೆ ನೀರನ್ನು 1.000 ಎಂದಿಟ್ಟುಕೊಂಡರೆ) 1.005ರ ಸುತ್ತಮುತ್ತ, ಅಂದರೆ ಲೀಟರಿಗೆ ಏಳು ಗ್ರಾಂ ಲವಣ. ಸಮುದ್ರದ್ದು 35 ಗ್ರಾಂ, ಅದರ ಐದರಲ್ಲೊಂದು ಪಾಲು. ಸಮುದ್ರದ ಅಕ್ವೇರಿಯಂಗೆ ಮಾರುವ ಮರೈನ್ ಸಾಲ್ಟ್ ಅನ್ನೇ ಬಳಸಿ. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕ್ಯಾಲ್ಸಿಯಂ, ಮೆಗ್ನೀಷಿಯಂ, ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಯಾವುದೂ ಅದರಲ್ಲಿಲ್ಲ. ಮರೈನ್ ಸಾಲ್ಟ್ ತೇವ ಹೀರಿಕೊಂಡಿರುವುದರಿಂದ ನಾನು ಲೀಟರಿಗೆ ಎಂಟು ಗ್ರಾಂ ತೂಗಿ, ಬಕೆಟ್ಟಿನಲ್ಲಿ ಹಿಂದಿನ ರಾತ್ರಿಯೇ ಕರಗಿಸಿ, ಗಾಳಿಯ ಪಂಪ್ ಬಿಟ್ಟು, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡುತ್ತೇನೆ. ಎರಡು ಹನಿ ನೀರು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ನೀಲಿ ಬಿಳಿ ಕೂಡುವ ಗೆರೆಯಲ್ಲಿ ಅಳತೆ ಸಿಗುತ್ತದೆ. ಆಗಾಗ ಡಿಸ್ಟಿಲ್ಡ್ ನೀರು ಬಿಟ್ಟು ಗೆರೆ ಸೊನ್ನೆಗೆ ಕೂರುತ್ತದೋ ಎಂದು ಸರಿಮಾಡಿಕೊಳ್ಳಬೇಕು. ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನನಗೆ ಸರಿಬರಲಿಲ್ಲ, ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಸಾಕು, ಲೆಕ್ಕ ಮೇಲೆ ಹೋಗಿಬಿಡುತ್ತದೆ.

ಬೆಂಗಳೂರಿನ ಬೋರ್‌ವೆಲ್ ನೀರು ಗಡಸು ಎಂದು ಎಲ್ಲರೂ ಗೊಣಗುತ್ತಾರೆ. ಈ ಮೀನುಗಳಿಗೆ ಅದೇ ವರ. ಊರಿನ ಜಂಬಿಟ್ಟಿಗೆ ಕಲ್ಲಿನ ಬಾವಿ ನೀರು ಮೃದು, ಹುಳಿ. ಅಲ್ಲಿ ತೊಟ್ಟಿ ಇಡುವವರು ತೊಳೆದ ಚಿಪ್ಪಿನ ಚೂರುಗಳನ್ನು ಫಿಲ್ಟರಿನಲ್ಲಿ ಒಂದು ಚೀಲ ಇಡಬೇಕು, ಪಿಎಚ್ ಎಂಟರ ಹತ್ತಿರ ನಿಲ್ಲುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಮರೆಯುವಂತಿಲ್ಲ.

ಮೀನು ತರುವ ಮೊದಲೇ ತೊಟ್ಟಿಯನ್ನು ಅದೇ ಉಪ್ಪಿನಲ್ಲಿ ಓಡಿಸಿ, ಕೊಳಕಿನಿಂದಾಗುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾದೆ. ತಿಂಗಳು, ಒಂದೂವರೆ ತಿಂಗಳು ಹಿಡಿಯುವ ಕೆಲಸ. ಪಿಎಚ್ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷ ಜಾಸ್ತಿ, ಹಾಗಾಗಿ ಇಲ್ಲಿ ಅವಸರ ಸಲ್ಲದು. ಅಳಿವೆಯ ಮೀನು ಉಪ್ಪಿನ ಏರಿಳಿತ ತಡೆದುಕೊಂಡೀತು, ಈ ವಿಷ ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ತಡೆದುಕೊಳ್ಳುವುದಿಲ್ಲ. ಉಪ್ಪು ಬದಲಿಸಬೇಕಾದರೆ ಸಾಂದ್ರತೆಯನ್ನು ವಾರಕ್ಕೆ 0.002ಕ್ಕಿಂತ ಹೆಚ್ಚು ಬದಲಿಸುವುದಿಲ್ಲ.

ಇನ್ನೊಂದು ಮಾತು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ನೀರು ಇಳಿದಷ್ಟಕ್ಕೆ ಸಪ್ಪೆ ನೀರು ತುಂಬಬೇಕು. ವಾರದ ಸ್ವಚ್ಛತೆಗೆ ಕಾಲುಭಾಗ ತೆಗೆದಾಗ ಮಾತ್ರ ಉಪ್ಪಿನ ನೀರು ಹಾಕಬೇಕು. ಮುಚ್ಚಳದ ಅಂಚಿಗೆ, ದೀಪದ ಚೌಕಟ್ಟಿಗೆ ಬಿಳಿ ಉಪ್ಪು ಹತ್ತಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಬಾಗಿ ಬರುವಂತೆ ಬಿಡಿ, ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ಬೀಳಲಿ. ಡಿಸೆಂಬರ್ ರಾತ್ರಿಗಳಿಗೆ ಬೆಂಗಳೂರಿನಲ್ಲಿ ಹೀಟರ್ ಬೇಕೇ ಬೇಕು, 26–28 ಡಿಗ್ರಿ ಇಟ್ಟಿದ್ದೇನೆ. ಕರೆಂಟ್ ಹೋದಾಗಿನ ಹೊತ್ತಿಗೆ ಬ್ಯಾಟರಿ ಏರ್ ಪಂಪ್. ಗಿಡವೆಂದರೆ ಕಟ್ಟಿಗೆಗೆ ಕಟ್ಟಿದ ಜಾವಾ ಫರ್ನ್ ಒಂದೇ, ಈ ಉಪ್ಪಿಗೆ ಅದು ಬಾಳುತ್ತದೆ.

ಊರಿನಿಂದ ತಂದ ಹಳೆ ಮಂಗಳೂರು ಹೆಂಚಿನ ತುಂಡನ್ನು ಮರಳಿನಲ್ಲಿ ಓರೆಯಾಗಿ ಊರಿದ್ದೆ. ಜೋಡಿಯಾದ ಎರಡು ಕ್ರೋಮೈಡ್ ಅದರ ಒಳಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ಚೊಕ್ಕ ಮಾಡಿ ಮೊಟ್ಟೆಯಿಟ್ಟವು. ಒಂದೊಂದು ಮೊಟ್ಟೆಯೂ ಕೂದಲೆಳೆಯಂಥ ತೊಟ್ಟಿನಲ್ಲಿ ಹೆಂಚಿಗೆ ಅಂಟಿರುತ್ತದೆ. ಒಂದು ಮೀನು ರೆಕ್ಕೆ ಬೀಸಿದಂತೆ ಎಲ್ಲವೂ ಒಟ್ಟಿಗೆ ಓಲಾಡುತ್ತವೆ, ಇನ್ನೊಂದು ಕಾವಲು ಕಾಯುತ್ತದೆ. ಆ ದಿನಗಳಲ್ಲಿ ಉಳಿದ ಕ್ರೋಮೈಡ್‌ಗಳನ್ನು ಬೇರೆ ತೊಟ್ಟಿಗೆ ತೆಗೆಯದಿದ್ದರೆ ಮೂಲೆಗೆ ತಳ್ಳಿ ಹೊಡೆಯುತ್ತವೆ. ನಾಲ್ಕೈದು ದಿನಕ್ಕೆ ಒಡೆದ ಮರಿಗಳನ್ನು ಮರಳಿನಲ್ಲಿ ತೋಡಿದ ಗುಂಡಿಗೆ ಬಾಯಲ್ಲಿ ಹೊತ್ತು ಸಾಗಿಸುತ್ತವೆ, ಒಂದು ಗುಂಡಿಯಿಂದ ಇನ್ನೊಂದಕ್ಕೆ ಬದಲಿಸುತ್ತಲೂ ಇರುತ್ತವೆ. ಈಜಲು ಕಲಿತ ಮರಿಗಳು ತಂದೆತಾಯಿಯ ಮೈಗೆ ಬಂದು ಬಂದು ತಾಗಿ ಮೈಮೇಲಿನ ಲೋಳೆಯನ್ನು ತಿನ್ನುತ್ತವೆ. ಅಪಾಯ ಕಂಡರೆ ಹೊಟ್ಟೆಯಡಿಯ ಕಪ್ಪು ರೆಕ್ಕೆಯನ್ನು ಪಟಪಟ ಆಡಿಸಿ ಕರೆಯುತ್ತವೆ, ಮರಿಗಳ ಹಿಂಡು ಅಡಿಗೆ ಬಂದು ಸೇರುತ್ತದೆ. ಗಾಜಿನ ಆಚೆ ಒಂದು ಗೇಣು ದೂರದಲ್ಲಿ ಇದೆಲ್ಲ ನಡೆಯುವಾಗ ಗಂಟೆಗಟ್ಟಲೆ ಕೂತಿದ್ದೇನೆ. ನಮ್ಮ ಹಿನ್ನೀರಿನ ಮೀನಿಗೆ ಇಷ್ಟೆಲ್ಲ ಬಾಳ್ವೆ ಇದೆಯೆಂದು ನಮ್ಮ ಮಕ್ಕಳಿಗೆ ತೋರಿಸಲೇಬೇಕು.

ಮರಿಗಳಿಗೆ ಆರ್ಟೀಮಿಯಾ ಎಂಬ ಸೀಗಡಿಯಂಥ ಪುಟ್ಟ ಜೀವಿಯ ಮೊಟ್ಟೆಯನ್ನು ಮನೆಯಲ್ಲೇ ಒಡೆಸಿ ಕೊಡುತ್ತೇನೆ. ಲೀಟರಿಗೆ 25–30 ಗ್ರಾಂ ಉಪ್ಪು, ತಲೆಕೆಳಗು ಮಾಡಿದ ನೀರಿನ ಬಾಟಲಿ, ಜೋರು ಗಾಳಿ, 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಕಿತ್ತಳೆ ಬಣ್ಣದ ಮೋಡ ಸಿದ್ಧ. ದೊಡ್ಡವಕ್ಕೆ ಹೆಪ್ಪುಗಟ್ಟಿದ ರಕ್ತಹುಳು, ಬೇಯಿಸಿದ ಬಟಾಣಿ, ಸ್ಪಿರುಲಿನಾ ಗುಳಿಗೆ. ಮರಿ ಎರಡು ಸೆಂಟಿಮೀಟರ್ ಆದ ಮೇಲೆ ಬೇಕೆಂದವರಿಗೆ ಕೊಡುತ್ತೇನೆ, ಆರಕ್ಕೆ ಕಮ್ಮಿ ಕೊಡುವುದಿಲ್ಲ. ಚೀಲದ ಮೇಲೆ ನೀರಿನ ಸಾಂದ್ರತೆ ಬರೆದಿರುತ್ತದೆ. ಅವರು ತೊಟ್ಟಿಯನ್ನು ಆ ಅಳತೆಗೆ ತಂದು ರಿಫ್ರಾಕ್ಟೋಮೀಟರಿನ ಫೋಟೊ ಕಳಿಸಿದ ಮೇಲೆಯೇ ಮೀನು ಹಿಡಿಯುವುದು.